ಹೆಸರಿಲ್ಲದ ಕಾಯಿಲೆಗೆ ಪಥ್ಯ

ಲಿಫ್ಟ್ ರಿಪೇರಿ ಮಾಡುವ ಮೇಸ್ತ್ರಿ ಹುಟ್ಟಾ ತಿಂಡಿಪೋತ. ಕಲ್ಲು ತಿಂದರೂ ಕರಗಿಸಿಕೊಳ್ಳುವ ಹೊಟ್ಟೆ ಅವನದು ಎಂದು ಜೊತೆಯವರು ಹೇಳುತ್ತಿದ್ದರು. ಯಾವ ಕಟ್ಟಡದಿಂದ ಕರೆ ಬಂದರೂ ಮೊದಲು ಅವನ ನೆನಪಿಗೆ ಬರುತ್ತಿದ್ದುದು ಲಿಫ್ಟಲ್ಲ, ಅದರ ಆಸುಪಾಸಿನಲ್ಲಿ ತಿನ್ನಲು ಏನು ಚೆನ್ನಾಗಿ ಸಿಗುತ್ತದೆ ಎಂಬುದು. ಕೈಯ ಗ್ರೀಸನ್ನು ಅರ್ಧ ಒರೆಸಿಕೊಂಡು ಅರ್ಧ ಹಾಗೇ ಇಟ್ಟುಕೊಂಡು ತಿನ್ನುವವನು ಅವನು.

ಅಂಥವನು ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕುಸಿದು ಬಿದ್ದ. ಮೊದಲು ವಾಂತಿ, ಆಮೇಲೆ ಹೊಟ್ಟೆ ಹಿಂಡುವ ನೋವು, ಆಮೇಲೆ ಬಿಟ್ಟು ಬಿಟ್ಟು ಬರುವ ಜ್ವರ. ಕಾಲು ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದರು, ಒಬ್ಬ ಡಾಕ್ಟರ್ ಇನ್ನೊಬ್ಬರನ್ನು ಕರೆತಂದರು. ಕೊನೆಗೆ ಹಿರಿಯ ಡಾಕ್ಟರು ಮಂಚದ ಪಕ್ಕ ಕೂತು, "ಇದು ಇಂಥದ್ದೇ ಅಂತ ಹೇಳೋಕಾಗ್ತಿಲ್ಲ. ತಿನ್ನೋದ್ರಲ್ಲಿ ಯಾವುದೋ ನಿಮಗೆ ಆಗ್ತಿಲ್ಲ ಅನ್ಸುತ್ತೆ. ಸದ್ಯಕ್ಕೆ ಎಲ್ಲಾ ನಿಲ್ಲಿಸಿಬಿಡೋಣ" ಎಂದರು.

ಎಲ್ಲಾ ಎಂದರೆ ಎಲ್ಲಾ. ಹಾಲು, ಗೋಧಿ, ಮೊಟ್ಟೆ, ಮೀನು, ಮಾಂಸ, ಬೇಳೆ, ಎಣ್ಣೆ, ಖಾರ. ಕಾಲಿನ ಊತಕ್ಕಾಗಿ ಉಪ್ಪೂ ಇಲ್ಲ. ಉಳಿದದ್ದು ಮೆತ್ತಗೆ ಬೇಯಿಸಿದ ಅನ್ನ ಮತ್ತು ನೀರಲ್ಲಿ ಬೆಂದ ಸೋರೆಕಾಯಿ.

ಹೆಂಡತಿ ಲಾಂಡ್ರಿಯೊಂದರಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ರಜೆ ಮುಗಿದಿತ್ತು. ಹಾಗಾಗಿ ಗಂಡನನ್ನು ನೋಡಿಕೊಳ್ಳಲು ಅವನ ಅಕ್ಕ ಬಂದಳು. ಅಕ್ಕ ಹುಡುಗಿಯರ ಹಾಸ್ಟೆಲೊಂದರ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಬಂದವಳೇ ಪೆಟ್ಟಿಗೆ ಕೆಳಗಿಡುವ ಮೊದಲು ಅಡುಗೆಮನೆಯ ಡಬ್ಬಗಳನ್ನೆಲ್ಲ ಕಪಾಟಿಗೆ ತುಂಬಿ ಬೀಗ ಜಡಿದಳು. ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು.

"ಏನಕ್ಕಾ, ಮನೇನ ಜೈಲು ಮಾಡ್ತಿದೀಯಾ?"

"ಜೈಲಲ್ಲಾದ್ರೆ ಬೇಳೆ ಸಾರು ಕೊಡ್ತಾರೆ ಕಣೋ. ನಿಂಗೆ ಅದೂ ಇಲ್ಲ. ತಿನ್ನು."

ಮೊದಮೊದಲು ಅವನಿಗೂ ನಗು ಬರುತ್ತಿತ್ತು. ಜ್ವರ ಬಿಟ್ಟಿತು, ಊತ ಇಳಿಯಿತು, ಹೊಟ್ಟೆ ನೋವು ಕಮ್ಮಿಯಾಯಿತು. ಪಥ್ಯ ಮಾತ್ರ ಹಾಗೇ ಉಳಿಯಿತು. ಬೆಳಿಗ್ಗೆ ಅನ್ನ ಸೋರೆಕಾಯಿ, ಮಧ್ಯಾಹ್ನ ಅನ್ನ ಸೋರೆಕಾಯಿ, ಸಂಜೆ ಗಂಜಿ. ತುತ್ತು ಬಾಯಲ್ಲಿ ಒದ್ದೆ ಹತ್ತಿಯಂತೆ ಸುತ್ತುತ್ತಿತ್ತು. ನುಂಗುವವರೆಗೂ ಅಕ್ಕ ಎದುರಿಗೆ ನಿಂತಿರುತ್ತಿದ್ದಳು.

"ಎಲ್ಲಿವರೆಗೆ ಅಕ್ಕಾ ಇದು?" ಎಂದರೆ, "ಏನು ಅಂತಲೇ ಗೊತ್ತಿಲ್ಲ, ಎಲ್ಲಿವರೆಗೆ ಅಂತ ಯಾರಿಗೆ ಗೊತ್ತು?" ಎನ್ನುತ್ತಿದ್ದಳು.

ಅವನನ್ನು ಹಣ್ಣು ಮಾಡಿದ್ದು ಆ ಮಾತು. ಕಳ್ಳ ಇಂಥವನೇ ಎಂದು ಗೊತ್ತಿದ್ದರೆ ಅವನೊಬ್ಬನನ್ನು ಹಿಡಿದು ಕಟ್ಟಬಹುದು. ಗೊತ್ತಿಲ್ಲದಿದ್ದರೆ ಊರಿಗೆ ಊರೇ ಕಳ್ಳನಂತೆ ಕಾಣುತ್ತದೆ. ಈಗ ಅವನ ಪಾಲಿಗೆ ಜಗತ್ತಿನ ಪ್ರತಿ ತಿನಿಸೂ ಕಳ್ಳನೇ. ಮೂರನೇ ಮಹಡಿಯ ಕಿಟಕಿಯ ಬಳಿ ಕೂತರೆ ಕೆಳಗಿನ ಮನೆಯ ಒಗ್ಗರಣೆ ಮೇಲೆ ಬರುತ್ತಿತ್ತು, ಕಿಟಕಿ ಮುಚ್ಚಿದರೆ ಸೆಕೆ. ಲಿಫ್ಟಿನ ಸದ್ದು ಕೇಳುತ್ತಾ, ಇದು ಐದನೇ ಮಹಡಿಯವರು, ಇದು ನೆಲಮಹಡಿಗೆ ಹೋಯಿತು ಎಂದು ಗುರುತಿಸುತ್ತಾ ಹಗಲು ಕಳೆಯುತ್ತಿದ್ದ.

ಒಂದು ಸಲ ಮೆಲ್ಲಗೆ ಮೆಟ್ಟಿಲಿಳಿದು ಬೀದಿ ಮೂಲೆಯ ಅಂಗಡಿಗೆ ಹೋಗಿ ಒಂದು ಬಿಸ್ಕತ್ತಿನ ಪೊಟ್ಟಣ ಕೇಳಿದ. ಅಂಗಡಿಯವನು ಎರಡೂ ಕೈ ಎತ್ತಿದ.

"ಬೇಡ ಮೇಸ್ತ್ರಿ. ನಿಮ್ಮಕ್ಕ ಬೀದಿಗೆಲ್ಲ ಹೇಳಿಟ್ಟಿದಾರೆ. ಕೊಟ್ಟೆ ಅಂತ ಗೊತ್ತಾದ್ರೆ ನನ್ನಂಗಡಿ ಮುಚ್ಚಿಸ್ತಾರೆ."

ಮನೆಯಲ್ಲಿ ಯಾರೂ ಅವನೆದುರು ಉಣ್ಣುತ್ತಿರಲಿಲ್ಲ. ಹೆಂಡತಿ ಲಾಂಡ್ರಿಯಲ್ಲೇ ಊಟ ಮುಗಿಸಿ, ಬಾಯಿ ತೊಳೆದುಕೊಂಡು ಬರುತ್ತಿದ್ದಳು. ಅವನಿಗೆ ಕಷ್ಟವಾಗದಿರಲೆಂದೇ ಅದು, ಗೊತ್ತಿತ್ತು. ಆದರೂ ತಟ್ಟೆಯ ಸದ್ದಿಲ್ಲದ, ಯಾರೂ 'ಇನ್ನೊಂಚೂರು ಬಡಿಸು' ಎನ್ನದ ಮನೆ ಅವನಿಗೆ ಉಸಿರುಗಟ್ಟಿಸುತ್ತಿತ್ತು.

"ನನ್ನೆದುರೇ ಕೂತು ಊಟ ಮಾಡೇ," ಎಂದ ಒಂದು ದಿನ. "ಇದೇನು ಸಾವಿನ ಮನೆನಾ?"

"ನಂಗೆ ಗಂಟಲಲ್ಲಿ ಇಳಿಯಲ್ಲ ರೀ," ಎಂದು ಅವಳು ಬಟ್ಟೆ ಮಡಿಸತೊಡಗಿದಳು. ಮಡಿಸಿದ್ದನ್ನೇ ಮತ್ತೆ ಮಡಿಸಿದಳು.

ಅಕ್ಕ ಯಾವಾಗ ಉಣ್ಣುತ್ತಾಳೋ ಅವನು ನೋಡಿಯೇ ಇರಲಿಲ್ಲ. ಮಧ್ಯಾಹ್ನ ಅವನಿಗೆ ಬಡಿಸಿ, ಬಟ್ಟೆ ಒಣಗಿಸಿ ಬರುತ್ತೇನೆಂದು ತಾರಸಿಗೆ ಹೋಗುತ್ತಿದ್ದಳು. ಒಗೆದ ಬಟ್ಟೆ ಇಲ್ಲದ ದಿನವೂ ಹೋಗುತ್ತಿದ್ದಳು.

ಹಾಗೆ ಹೋದ ಒಂದು ಮಧ್ಯಾಹ್ನ ಲಿಫ್ಟ್ ನಿಂತಿತು. ಸದ್ದು ತಟ್ಟನೆ ಕತ್ತರಿಸಿದ್ದು ಕೇಳಿಯೇ ಮೇಸ್ತ್ರಿಗೆ ತಿಳಿಯಿತು, ಮೂರಕ್ಕೂ ನಾಲ್ಕಕ್ಕೂ ನಡುವೆ. ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು.

"ಯಾರದು?"

"ನಾನು ಕಣೋ! ಲೋ, ಉಸಿರು ಕಟ್ತಿದೆ, ತೆಗಿಯೋ!"

"ಹೆದರ್ಬೇಡ ಅಕ್ಕಾ. ಗಾಳಿ ಬರುತ್ತೆ. ಕೆಳಗೆ ಕೂತ್ಕೋ. ಬಾಗಿಲಿಗೆ ಕೈ ಹಾಕ್ಬೇಡ."

ಕಾಯಿಲೆ ಬಿದ್ದಂದಿನಿಂದ ಇಷ್ಟು ಗಟ್ಟಿ ದನಿ ಅವನಿಂದ ಹೊರಟಿರಲಿಲ್ಲ. ಕಾವಲುಗಾರನನ್ನು ಕೂಗಿ ಕರೆದ. ಕರೆಂಟು ಆರಿಸಿ, ತಾರಸಿಯ ಮೋಟಾರು ಕೋಣೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಇಳಿಸಬೇಕು, ತಾನು ಹೇಳಿದಾಗಷ್ಟೇ ತಿರುಗಿಸಬೇಕು ಎಂದು ಹೇಳಿ ಮೇಲೆ ಕಳಿಸಿದ. ಆಮೇಲೆ ಬಾಗಿಲಿಗೆ ಬೆನ್ನುಕೊಟ್ಟು ನೆಲದಲ್ಲಿ ಕೂತ.

ಆಗ ಬಂತು ವಾಸನೆ. ಬಾಗಿಲ ಸಂದಿಯಿಂದ, ಬಿಸಿಬಿಸಿಯಾಗಿ ಕರಿದ ಮೀನಿನ ವಾಸನೆ. ಬಾಯಲ್ಲಿ ನೀರು ಕಿತ್ತುಕೊಂಡು ಬಂತು.

"ಅಕ್ಕಾ, ಕೈಯಲ್ಲೇನಿದೆ?"

"ಏನೂ ಇಲ್ಲಪ್ಪ," ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಳಗೆ ಕಾಗದ ಮುದುಡುವ ಸದ್ದಾಯಿತು.

"ದಿನಾ ಕೆಳಗಿಂದ ತಂದು ತಾರಸಿ ಮೇಲೆ ತಿನ್ನೋದು ಇದೇನಾ?"

ಅವಳು ಅಳುತ್ತಿರುವುದು ಕೇಳಿಸಿತು. ಅಕ್ಕ ಅತ್ತಿದ್ದನ್ನು ಅವನು ಭಾವ ಸತ್ತಾಗ ಕೂಡ ನೋಡಿರಲಿಲ್ಲ.

"ಇಲ್ಲೇ ಸತ್ತೋದ್ರೆ ಅಂತ ಹೇಳ್ಬಿಡ್ತೀನಿ ಕಣೋ. ನೀನು ಮಲಗಿದ್ದಾಗ ಡಾಕ್ಟರು ಫೋನ್ ಮಾಡಿದ್ರು. ರಿಪೋರ್ಟೆಲ್ಲ ಚೆನ್ನಾಗಿದೆ, ಒಂದೊಂದಾಗಿ ತಿನ್ನೋಕೆ ಶುರು ಮಾಡ್ಲಿ ಅಂದ್ರು. ಮೊದ್ಲು ಉಪ್ಪು, ಆಮೇಲೆ ಮೊಟ್ಟೆ..."

"ಯಾವಾಗ?"

"ಆಗ್ಲೇ ತಿಂಗಳಾಯ್ತು."

ತಿಂಗಳಿಡೀ ಅವನು ನುಂಗಿದ ಸಪ್ಪೆ ತುತ್ತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು.

"ಸಾರ್, ತಿರುಗಿಸ್ಲಾ?" ಮೇಲಿನಿಂದ ಕಾವಲುಗಾರ ಕೂಗಿದ.

ಮೇಸ್ತ್ರಿ ಬಾಯಿ ತೆರೆದ. 'ಹೂಂ' ಎಂಬ ಒಂದು ಮಾತು ಸಾಕಿತ್ತು.

"ಸ್ವಲ್ಪ ತಡಿ," ಎಂದ.

ಒಳಗಿದ್ದವಳಿಗೆ ಅದು ಕೇಳಿಸಿತು. ಅವಳು ಬಾಗಿಲು ಬಡಿಯಲಿಲ್ಲ, ಬೇಡಲೂ ಇಲ್ಲ. "ಇಲ್ಲೇ ಇಟ್ಕೋ ನನ್ನ. ನಂಗೂ ಗೊತ್ತಾಗ್ಲಿ," ಎಂದಳು, ಮೂಗೊರೆಸಿಕೊಂಡು. "ಆದ್ರೆ ಬಚ್ಚಲಲ್ಲಿ ನಿನ್ನ ಬಾಯಿಂದ ನೊರೆ ಬಂದಿತ್ತಂತೆ. ನಿನ್ನ ಹೆಂಡತಿ ಫೋನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅಮ್ಮ ಹೋದ್ಮೇಲೆ ನಿಂಗೆ ತುತ್ತಿಟ್ಟವಳು ನಾನು. ನನ್ನ ಕೈಯಿಂದಲೇ ಏನಾದ್ರೂ ತಿನ್ನಿಸಿ, ಅದೇ ವಿಷ ಆಗಿಬಿಟ್ರೆ? ಡಾಕ್ಟರಿಗೇನು, ಹೇಳ್ತಾರೆ. ಉಪ್ಪಿನ ಡಬ್ಬ ತೆಗೀತೀನಿ, ಹಾಗೇ ಮುಚ್ಚಿಟ್ಬಿಡ್ತೀನಿ ಕಣೋ."

ಅವನಿಗೆ ಕೋಪ ಇಳಿಯಲಿಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೇನೋ ಬಂದು ಕೂತಿತು. ಲಿಫ್ಟಲ್ಲಿ ಸಿಕ್ಕಿಬಿದ್ದವರನ್ನು ಅವನು ಬೇಕಾದಷ್ಟು ನೋಡಿದ್ದ. ಬೈಯುವವರು, ನಗುವವರು, ಪ್ರಾರ್ಥಿಸುವವರು. ಇಲ್ಲೇ ಇಟ್ಕೋ ಎಂದವರು ಯಾರೂ ಇರಲಿಲ್ಲ.

"ತಿರುಗಿಸಪ್ಪಾ!" ಎಂದು ಕೂಗಿದ. "ನಿಧಾನಕ್ಕೆ!"

ಲಿಫ್ಟ್ ಗೇಣು ಗೇಣಾಗಿ ಇಳಿಯಿತು. ಲಿಫ್ಟಿನ ಕೀಲಿಯಿಂದ ತೆರೆದು ಬಾಗಿಲು ಸರಿಸಲು ಅವನಿಗೆ ಶಕ್ತಿ ಸಾಲದೆ, ಕಾವಲುಗಾರ ಓಡಿಬಂದು ಕೈ ಹಾಕಬೇಕಾಯಿತು. ಅಕ್ಕ ಮೂಲೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಎಣ್ಣೆ ಹೀರಿದ ಪೊಟ್ಟಣ. ಇಬ್ಬರೂ ಮನೆಗೆ ಬಂದರು. ಅವಳು ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

ಸಂಜೆ ಹೆಂಡತಿ ಬಂದಾಗ ಅವನೇ ಎಲ್ಲ ಹೇಳಿದ. ಅವಳು ಅತ್ತಿಗೆಯ ಕಡೆ ನೋಡಿ, "ನಂಗಾದ್ರೂ ಹೇಳ್ಬೇಡ್ವಾ ಅತ್ತಿಗೆ?" ಎಂದಳಷ್ಟೆ. ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತೇನೋ. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡ ಮೇಲೆ ಸೋರೆಕಾಯಿಗೆ ಚಿಟಿಕೆ ಉಪ್ಪು ಬಿತ್ತು. ಮೊದಲ ತುತ್ತಿಗೆ ಅವನ ಕಣ್ಣು ತುಂಬಿತು. ಇಬ್ಬರು ಹೆಂಗಸರೂ ಅವನ ಬಾಯನ್ನೇ ನೋಡುತ್ತಿದ್ದರು.

"ನನ್ನ ಮುಖ ನೋಡ್ಬೇಡಿ. ನೀವೂ ತಟ್ಟೆ ಹಾಕ್ಕೊಳ್ಳಿ," ಎಂದ. ಹಾಕಿಕೊಂಡರು. ಮನೆಯಲ್ಲಿ ತಟ್ಟೆಯ ಸದ್ದಾಯಿತು.

ಮೊಟ್ಟೆ ದಕ್ಕಿತು. ಬೇಳೆ ದಕ್ಕಿತು. ಹಾಲು ದಕ್ಕಲಿಲ್ಲ, ಎರಡು ದಿನ ಮಲಗಿಸಿತು. ಅಕ್ಕ ಆ ಎರಡು ದಿನ ಅವನ ಕಾಲ ಬುಡದಲ್ಲೇ ಕೂತಿದ್ದಳು. ಗೋಧಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕಾಯಿಲೆಗೆ ಹೆಸರಂತೂ ಇವತ್ತಿಗೂ ಸಿಕ್ಕಿಲ್ಲ.

ಅವನು ಕೆಲಸಕ್ಕೆ ಮರಳಿದ ಮೇಲೆ ಅಕ್ಕ ತನ್ನ ಊರಿಗೆ ಹೊರಟಳು. ಈಗ ತಡೆಯುವವರು ಯಾರೂ ಇಲ್ಲ. ಮೊನ್ನೆ ಒಂದು ಹಳೆಯ ಕಟ್ಟಡದ ಕೆಲಸ ಮುಗಿಸಿ ಹೊರಬಂದಾಗ ಎದುರಿಗೆ ಒಬ್ಬ ಕಡಲೆಕಾಯಿ ಹುರಿಯುತ್ತಿದ್ದ. ಮೇಸ್ತ್ರಿ ಒಂದು ಪೊಟ್ಟಣ ಕೊಂಡ. ಬಿಚ್ಚಿ, ಒಂದು ಕಾಳು ಬಾಯಿಯವರೆಗೆ ಒಯ್ದ. ಕೈ ಅಲ್ಲೇ ನಿಂತಿತು. ಅಕ್ಕ ಇರಲಿಲ್ಲ, ಬೀಗ ಇರಲಿಲ್ಲ, ಬೀದಿಯಲ್ಲಿ ಅವನನ್ನು ಗುರುತಿಸುವವರೂ ಇರಲಿಲ್ಲ. ಆದರೂ ಕೈ ನಿಂತಿತು.

ಬಹಳ ಹೊತ್ತು ಹಾಗೇ ಇದ್ದು, ಕೊನೆಗೆ ಆ ಒಂದು ಕಾಳನ್ನು ಬಾಯಿಗಿಟ್ಟು, ನುಣ್ಣಗಾಗುವವರೆಗೆ ಅಗಿದು ನುಂಗಿದ. ಉಳಿದದ್ದನ್ನು ಅಲ್ಲೇ ಆಡುತ್ತಿದ್ದ ಮಕ್ಕಳಿಗೆ ಕೊಟ್ಟು, ಗೋಡೆಗೊರಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಾ ನಿಂತ.