ತೆಗೆಯಬಾರದ ಸಾಲು

ಬಿಳಿ ಹೊದಿಕೆಯ ಒಂದು ಮೂಲೆಯ ಸುಕ್ಕು ಏನು ಮಾಡಿದರೂ ಹೋಗುತ್ತಿರಲಿಲ್ಲ. ಮಗಳು ನೀರು ಚಿಮುಕಿಸಿ ಮತ್ತೆ ಇಸ್ತ್ರಿ ಒತ್ತಿದಳು. ಪಕ್ಕದ ಕೋಣೆಯಲ್ಲಿ ಅಮ್ಮನ ದೇಹ ಈ ಹೊದಿಕೆಗಾಗಿ ಕಾಯುತ್ತಿತ್ತು.

“ಸಾಕು ಬಿಡೇ, ಯಾರು ನೋಡ್ತಾರೆ?” ಎಂದಳು ಗಂಜಿ ಅಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕಿ ಹಾಕಿ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು.

“ಅಮ್ಮ ನೋಡ್ತಾಳೆ.”

“ಹೌದು, ಎದ್ದು ಬಂದು ಬೈದರೂ ಬೈದಾಳು. ಮೂವತ್ತು ವರ್ಷ ಲಾಂಡ್ರಿಯಲ್ಲಿ ಪಕ್ಕದಲ್ಲೇ ನಿಂತು ನನ್ನ ಗಂಜಿಯಲ್ಲಿ ತಪ್ಪು ಹುಡುಕಿದವಳು.” ನಗುತ್ತಿದ್ದವಳ ಕಣ್ಣು ತುಂಬಿತು. ಕೆಮ್ಮು ಬಂತು. ಬಟ್ಟೆಯ ಧೂಳು, ಹಬೆ ಕುಡಿದ ಲಾಂಡ್ರಿಯ ಹೆಂಗಸರಿಗೆಲ್ಲ ಆ ಕೆಮ್ಮು ಇದ್ದದ್ದೇ.

ಆಗ ಲಾಂಡ್ರಿ ಕೆಲಸಗಾರರ ಸಂಘದ ಅಧ್ಯಕ್ಷರು ಒಳಗೆ ಬಂದರು. ದೇಹಕ್ಕೆ ಕೈಮುಗಿದು, ಮಗಳ ಹತ್ತಿರ ಬಂದು ದನಿ ತಗ್ಗಿಸಿದರು.

“ಮಣ್ಣು ಮಾಡುವಾಗ ನಾಲ್ಕು ಮಾತು ಆಡಬೇಕಲ್ಲ ಮಗಳೇ... ನಿಮ್ಮಮ್ಮ ಏನಾದರೂ ಬರೆದಿಟ್ಟಿದ್ದಾಳಾ?”

“ಅಯ್ಯೋ ನಿಮ್ಮ!” ಗಂಜಿ ಅಕ್ಕ ಹಣೆ ಚಚ್ಚಿಕೊಂಡಳು. “ಸತ್ತವಳ ಹತ್ರಾನೇ ಭಾಷಣ ಕೇಳೋಕೆ ಬಂದ್ರಾ?”

“ಅಭ್ಯಾಸ ಕಣಮ್ಮಾ.”

ಸುಳ್ಳಲ್ಲ. ಇಪ್ಪತ್ತು ವರ್ಷಗಳಿಂದ ಅವರ ಬಾಯಿಂದ ಬಂದ ಭಾಷಣವೆಲ್ಲ ಅಮ್ಮನ ಕೈಯಲ್ಲಿ ಹುಟ್ಟಿದ್ದು.

*

ರದ್ದಿ ಅಂಗಡಿಯಲ್ಲಿ ಅಮ್ಮನಿಗೆ ರಟ್ಟು ಕಿತ್ತುಹೋದ ಪುಸ್ತಕವೊಂದು ಸಿಕ್ಕಿತ್ತು. ಲೋಕದ ಹೆಸರಾಂತ ಭಾಷಣಗಳ ಸಂಗ್ರಹ. ಅಮ್ಮ ತನ್ನ ತಂದೆ ಸಂಜೆ ರಾಗವಾಗಿ ಓದುತ್ತಿದ್ದ ಪದ್ಯ ಕೇಳಿಕೊಂಡೇ ಬೆಳೆದವಳು. ಮಾತಿನ ಅರ್ಥಕ್ಕಿಂತ ಮೊದಲು ಅದರ ಉಸಿರು ಅವಳಿಗೆ ಕೇಳಿಸುತ್ತಿತ್ತು. ಕಟಕಟೆಯಲ್ಲಿ ನಿಂತ ಕೈದಿ, ಸೈನ್ಯದೆದುರು ನಿಂತ ರಾಣಿ, ಓಟಿನ ಹಕ್ಕು ಕೇಳಿದ ಹೆಂಗಸು, ಎಲ್ಲರನ್ನೂ ಅಡುಗೆಮನೆಗೆ ಕರೆತಂದು ಜಗಳವಾಡುತ್ತಿದ್ದಳು.

“ರಾಣಿಯಮ್ಮಾ, ಇಷ್ಟೊಂದು ಸುತ್ತಿ ಬಳಸಿ ಹೇಳಬೇಕಿತ್ತಾ?”

ಮಗಳನ್ನು ಓದಲು ಕೂರಿಸಿ, ಒಂದೊಂದೇ ಸಾಲನ್ನು ಹೆಬ್ಬೆರಳಿನಿಂದ ಮುಚ್ಚುತ್ತಿದ್ದಳು.

“ಇದಿಲ್ಲದೆ ಓದು. ಮಾತು ಕುಸಿಯದೆ ನಿಂತಿತಾ?”

“ನಿಂತಿತು.”

“ಹಾಗಾದ್ರೆ ಇದು ಬರೀ ಸುಣ್ಣಬಣ್ಣ. ಮುಂದಿನದು.”

ಹೀಗೇ ಮುಚ್ಚುತ್ತ ಹೋದರೆ ಎಲ್ಲೋ ಒಂದು ಕಡೆ ಇಡೀ ಭಾಷಣ ದೊಪ್ಪನೆ ಕುಸಿಯುತ್ತಿತ್ತು. ಅಮ್ಮ ಚಪ್ಪಾಳೆ ತಟ್ಟುತ್ತಿದ್ದಳು. “ಸಿಕ್ತು ನೋಡು, ಕಂಬ!”

ಹೀಗೆ ಕಲಿತು ಸಂಘಕ್ಕೆ ಭಾಷಣ ಬರೆದುಕೊಟ್ಟಳು. ಮೊದಲ ಸಭೆಯಲ್ಲೇ ಅಧ್ಯಕ್ಷರು, ಅವಳು ಅಂಚಿನಲ್ಲಿ ಬರೆದಿದ್ದ ‘ಇಲ್ಲಿ ನಿಲ್ಲಿಸಿ, ಜನರನ್ನು ನೋಡಿ’ ಎಂಬುದನ್ನೂ ಮೈಕಿನಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಅಂದಿನಿಂದ ಆ ಜಾಗದಲ್ಲಿ ಬರೀ ಎರಡು ಕೆಂಪು ಗೆರೆ. ಅದು ಕಂಡಲ್ಲಿ ಓದುವವರು ತಲೆಯೆತ್ತಬೇಕು, ಯಾರಾದರೂ ಕೆಮ್ಮುವವರೆಗೆ ಸುಮ್ಮನಿರಬೇಕು.

“ನೀನೇ ಮಾತಾಡಬಾರದಾ ಅಮ್ಮ?”

“ನನಗೆ ಕೈಗೆ ಬರುತ್ತೆ, ಗಂಟಲಿಗೆ ಬರಲ್ಲ. ನಿನಗೆ ಗಂಟಲಿದೆ, ಧೈರ್ಯ ಇಲ್ಲ. ಇಬ್ಬರೂ ಸೇರಿದ್ರೆ ಒಂದು ಆಳು.”

*

ಅಮ್ಮ ಬರೆದ ಕೊನೆಯ ಹಾಳೆ ಅವಳ ದಿಂಬಿನಡಿ ಇತ್ತು. ಲಾಂಡ್ರಿ ಮುಚ್ಚಿ ಕೆಲಸವನ್ನು ಹೊರಗುತ್ತಿಗೆಗೆ ಕೊಡುತ್ತೇವೆಂದು ಆಸ್ಪತ್ರೆಯವರು ನೋಟೀಸು ಅಂಟಿಸಿದ್ದರು. ಅದರ ವಿರುದ್ಧ ಮರುದಿನ ನಡೆಯಬೇಕಿದ್ದ ಸಭೆಗೆಂದು ಅಮ್ಮ ಮಲಗಿದಲ್ಲೇ ಬರೆದಿದ್ದಳು. ಮಗಳು ತಂದುಕೊಟ್ಟಳು. ಅಧ್ಯಕ್ಷರು ತಲೆದೂಗುತ್ತ ಓದಿ, ಜೇಬಿನಿಂದ ಪೆನ್ನು ತೆಗೆದರು.

“ಎಷ್ಟು ಚೆನ್ನಾಗಿ ಬರೆದಿದ್ದಾಳೆ! ಅವಳ ಕೊನೇ ಮಾತು ಅಂತ ಇದನ್ನೇ ಓದ್ತೀನಿ. ಇದೊಂದು ಸಾಲು ಮಾತ್ರ ಹೊಡೆದುಹಾಕೋಣ. ಆಸ್ಪತ್ರೆ ಮೇನೇಜರು ಬರ್ತಾರೆ, ಸಾವಿನ ಹೊತ್ತಲ್ಲಿ ಬಿರುಸು ಯಾಕೆ?”

ಮಗಳು ಬಗ್ಗಿ ನೋಡಿದಳು. ‘ಯಂತ್ರ ನಿಲ್ಲಿಸಿ, ದೀಪ ಆರಿಸಿ, ಬಾಗಿಲಿಗೆ ಬೀಗ ಜಡಿಯಿರಿ, ನಾವು ಒಳಗೇ ಇರುತ್ತೇವೆ.’ ಅದರ ಮೇಲೆ ಹೆಬ್ಬೆರಳಿಟ್ಟು ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು. ಉಳಿದದ್ದು ಕೈಮುಗಿದು ನಿಂತ ಅರ್ಜಿಯಾಗಿತ್ತು.

“ಲಾಂಡ್ರಿ ಮುಚ್ಚೋಕೆ ಆಸ್ಪತ್ರೆಯವರ ಜೊತೆ ಒಪ್ಪಂದಕ್ಕೆ ಸಹಿ ಹಾಕ್ತಿದ್ದೀರಾ ಮಾವ?”

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಬೇರೆ ದಾರಿ ಇಲ್ಲಮ್ಮ.”

“ಹಾಳೆ ಕೊಡಿ.”

“ಓದೋರು ಯಾರು, ನೀನಾ? ಕ್ಯೂನಲ್ಲಿ ಮುಂದೆ ಹೋಗು ಅಂದ್ರೂ ಹಿಂದೆ ಸರಿಯೋಳು!”

“ಕೊಡಿ ಮಾವ.”

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ಅದನ್ನು ನೋಡಿ ಗಂಜಿ ಅಕ್ಕ, “ಕೊಟ್ಟುಬಿಡಿ ಸ್ವಾಮಿ, ಬಿಸಿ ಇದೆ” ಎಂದಳು.

*

ಅಗೆದ ಮಣ್ಣಿನ ಗುಡ್ಡೆಯ ಪಕ್ಕ ಮಗಳು ನಿಂತಳು. ಎದುರಿಗೆ ಲಾಂಡ್ರಿಯ ಹೆಂಗಸರು, ಅವರ ಹಿಂದೆ ಗಡಿಯಾರ ನೋಡಿಕೊಳ್ಳುತ್ತಿದ್ದ ಮೇನೇಜರು, ಅವರ ಪಕ್ಕದಲ್ಲಿ ಅಧ್ಯಕ್ಷರು. ಮೊದಲ ಸಾಲು ಗಂಟಲಲ್ಲೇ ಉಳಿಯಿತು.

“ಕೇಳಿಸ್ತಿಲ್ಲ ಕಣೇ!” ಗಂಜಿ ಅಕ್ಕ ಕೂಗಿದಳು. “ನಿಮ್ಮಮ್ಮ ಇದನ್ನ ಮಣ್ಣಿಗೆ ಕೇಳಿಸೋಕೆ ಬರೆದಿಟ್ಟಿಲ್ಲ!”

ಮಗಳು ಮೊದಲಿನಿಂದ ಶುರುಮಾಡಿದಳು. ಈ ಸಲ ಅಮ್ಮ ಜಾಗ ಬಿಟ್ಟಲ್ಲಿ ಉಸಿರು ತೆಗೆದುಕೊಂಡಳು, ಅಮ್ಮ ಮಾತು ಎಳೆದಲ್ಲಿ ದನಿ ಎಳೆದಳು. ದನಿ ಏರಿತು. ಆ ಸಾಲು ಬಂತು. ಒಂದಕ್ಷರವೂ ನುಂಗದೆ, ಮೇನೇಜರ ಮುಖ ನೋಡಿಯೇ ಹೇಳಿದಳು.

“ನಾವು ಒಳಗೇ ಇರುತ್ತೇವೆ.”

ಅದರ ಮುಂದೆ ಎರಡು ಕೆಂಪು ಗೆರೆ. ಅವುಗಳ ಮೇಲೆ ಹೆಬ್ಬೆರಳಿಟ್ಟು ಅವಳು ತಲೆಯೆತ್ತಿದಳು.

ಮೇನೇಜರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ನೆಲ ನೋಡಿದರು. ಗಂಜಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿ ಕೆಮ್ಮು ತಡೆಹಿಡಿದಿದ್ದಳು. ಅವಳ ಭುಜ ಅದುರುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಅವಳ ಪಕ್ಕದವಳೂ ಹಾಗೆಯೇ, ಅದರಾಚೆಯವಳೂ ಹಾಗೆಯೇ. ಹಬೆ ಕುಡಿದ ಮೂವತ್ತು ಎದೆಗಳು.

ಯಾರೂ ಕೆಮ್ಮಲಿಲ್ಲ.