ಕುಂಚಿಗೆ ಹೊಲಿದಾಕಿ

ಕೊರಿಯರ್‌ನವನ ಬೈಕು ಇವತ್ತೂ ಮನೆ ಮುಂದೆ ನಿಲ್ಲಲಿಲ್ಲ. ಒಮ್ಮೆ ಹಾರ್ನ್ ಹೊಡೆದು, ತಲೆ ಆಡಿಸಿ, ಹಾಗೆಯೇ ಬಂಕಾಪುರದ ಕಡೆ ಹೋಗಿಬಿಟ್ಟ. ಹೋದ ವರ್ಷವಾದರೆ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, "ಇವತ್ತೆಷ್ಟು ಪಾರ್ಸಲ್ರಿ ಅಕ್ಕಾರ?" ಎಂದು ಕೇಳಿಯೇ ಹೋಗುತ್ತಿದ್ದ. ಈಗ ಅವನಿಗೂ ಗೊತ್ತಾಗಿತ್ತು.

ತನುಜಾ ಬಾಗಿಲಲ್ಲೇ ನಿಂತು ಫೋನು ನೋಡಿದಳು. ನಿನ್ನೆ ಹಾಕಿದ ಫೋಟೋಕ್ಕೆ ನೂರಾ ಹನ್ನೊಂದು ಲೈಕು ಬಿದ್ದಿದ್ದವು. "ಎಷ್ಟು ಚಂದ!" ಎಂದವರು ಒಂಬತ್ತು ಜನ, "ನಮ್ಮ ಅಜ್ಜಿ ನೆನಪಾದಳು" ಎಂದವರು ಇಬ್ಬರು. ಹೊಗಳುವವರಿಗೇನೂ ಬರಗಾಲವಿರಲಿಲ್ಲ. ಬೇಕು, ಕಳಿಸಿಕೊಡಿ ಎನ್ನುವವರು ಮಾತ್ರ ಎರಡು ತಿಂಗಳಿಂದ ಪತ್ತೆಯಿಲ್ಲ.

ಅವಳು ಹೊಲಿಯುತ್ತಿದ್ದದ್ದು ಕುಂಚಿಗೆ. ಹಸುಗೂಸಿನ ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಯುವ, ಖಣದ ಬಟ್ಟೆಯ, ಅಂಚಿಗೆ ಗೊಂಡೆ ಕಟ್ಟಿದ ಟೋಪಿ. ಮೂರು ವರ್ಷದ ಹಿಂದೆ ಧಾರವಾಡದ ತಂಗಿಗೆ ಮಗುವಾದಾಗ ಒಂದನ್ನು ಹೊಲಿದು ಕಳಿಸಿದ್ದಳು. ತಂಗಿ ಅದರ ಫೋಟೋ ಹಾಕಿದ್ದೇ ತಡ, ಪುಣೆಯ ಯಾರೋ ಒಬ್ಬಳು ನನಗೂ ಬೇಕು ಎಂದಳು. ಅವಳ ನಾದಿನಿಗೂ ಬೇಕಾಯಿತು. ಕಡೆಗೆ ಶಿಗ್ಗಾಂವಿಯ ಈ ಓಣಿಯ ಪಡಸಾಲೆಯಿಂದ ಎಲ್ಲೆಲ್ಲಿಗೋ ಕುಂಚಿಗೆ ಹೋಗತೊಡಗಿದವು. ಈಗ ಫ್ಯಾಕ್ಟರಿಯ ಮಷೀನಿನಲ್ಲಿ ಗುಡ್ಡೆಗಟ್ಟಲೆ ಹೊಲಿದವು ಅರ್ಧ ದರಕ್ಕೆ, ಎರಡೇ ದಿನದಲ್ಲಿ ಮನೆ ಬಾಗಿಲಿಗೆ ಬರುತ್ತವೆ. ತನುಜಾ ಫೋಟೋ ಬದಲಿಸಿದಳು, ಹಬ್ಬಕ್ಕೆ ದರ ಇಳಿಸಿದಳು, ಜೊತೆಗೊಂದು ಕೂಸಿನ ಜುಬಲಾ ಅಂಗಿ ಪುಕ್ಕಟೆ ಎಂದಳು, ನಾಚಿಕೆ ಬಿಟ್ಟು ವಿಡಿಯೋದಲ್ಲಿ ಮುಖವನ್ನೂ ತೋರಿಸಿದಳು. ಏನು ಮಾಡಿದರೂ ಅಷ್ಟೇ.

"ಹೊರಗಿನವರಿಗೆ ಬ್ಯಾಡಾದ್ರ ಊರಾಗ ಮಾರು," ಎಂದ ಗಂಡ ಮಾಲತೇಶ ರೊಟ್ಟಿ ಮುರಿಯುತ್ತ. ಕಾಳಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಅವನಿಗೆ ವ್ಯಾಪಾರದ ಮಾತು ಬಾಯಿಗೆ ಸಲೀಸು. "ಶಿಗ್ಗಾಂವ್ಯಾಗ ಕೂಸು ಹುಟ್ಟೋದು ಬಂದಾಗೇತೇನು?"

ಹೇಳಿದ ಮೇಲೆ ಅವನಿಗೇ ತಿಳಿಯಿತು. ತಲೆ ತಗ್ಗಿಸಿ ಪಲ್ಯೆ ಹಚ್ಚಿಕೊಂಡ.

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಕೂಸಿನ ತಲೆಗೆ ಮೊದಲು ಏರುವ ಹೊಸ ಬಟ್ಟೆ ಮಕ್ಕಳನ್ನು ಹಡೆದವಳೊಬ್ಬಳ ಕೈಯಿಂದಲೇ ಬರಬೇಕು ಎಂಬುದು ಈ ಸೀಮೆಯ ನಂಬಿಕೆ. ಯಾರೂ ಅವಳ ಮುಖದ ಮೇಲೆ ಏನೂ ಅಂದವರಲ್ಲ, ಅಷ್ಟು ಕೆಟ್ಟವರೂ ಅಲ್ಲ. ತೊಟ್ಟಿಲ ಕಾರ್ಯಕ್ಕೆ ಕರೆಯುವಾಗ ಎಲ್ಲರಿಗೂ "ಹತ್ತು ಗಂಟೇಕ್ಕ ಬರ್ರಿ" ಎಂದವರು ಇವಳಿಗೆ "ಒಂದು ಗಂಟೇಕ್ಕ ಊಟಕ್ಕ ಬರ್ರಿ" ಎನ್ನುತ್ತಿದ್ದರು, ಅಷ್ಟೇ. ಫೋನಿನಲ್ಲಿ ಆ ತಾಪತ್ರಯವಿರಲಿಲ್ಲ. ಯಾವ ಬಣ್ಣ, ಯಾವ ಅಳತೆ, ಯಾವಾಗ ಮುಟ್ಟುತ್ತದೆ ಎಂದು ಕೇಳುತ್ತಿದ್ದರೇ ಹೊರತು ನಿಮಗೆಷ್ಟು ಮಕ್ಕಳು ಎಂದು ಒಬ್ಬರೂ ಕೇಳಿದ್ದಿಲ್ಲ. ಅಲ್ಲಿ ಅವಳು ಚೆಂದ ಹೊಲಿಯುವ ತನುಜಾ ಮಾತ್ರ. ಇದೂ ಮುಚ್ಚಿದರೆ ಮಕ್ಕಳಿಲ್ಲದ ತನುಜಾ ಒಬ್ಬಳೇ ಉಳಿಯುತ್ತಾಳೆ. ಆದರೂ ಮನಸ್ಸು ಗಟ್ಟಿ ಮಾಡಿ, ಯುಗಾದಿಯವರೆಗೆ ನೋಡುವುದು, ಆಮೇಲೆ ಪೇಜು ಮುಚ್ಚಿ ಮಷೀನಿಗೆ ಬಟ್ಟೆ ಹೊದಿಸುವುದು ಎಂದು ಗಂಡನಿಗೆ ಹೇಳಿಬಿಟ್ಟಳು.

ಅತ್ತೆ ಶಿವಬಸವ್ವ ಒಳಗೆ ಶೇಂಗಾ ಒಡೆಯುತ್ತ ಎಲ್ಲ ಕೇಳಿಸಿಕೊಂಡಳು. ಐದು ಹಡೆದು ಐದನ್ನೂ ದಡ ಮುಟ್ಟಿಸಿದ ಗಟ್ಟಿಗಿತ್ತಿ. ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಮರುದಿನ ಬಳೆಗಾರ್ತಿ ಕುಲಸುಮಬಿ ಓಣಿಗೆ ಬಂದಾಗ ಅವಳನ್ನು ಹಿತ್ತಲಿಗೆ ಕರೆದು, ಆರು ಕುಂಚಿಗೆ ಗಂಟು ಕಟ್ಟಿ ಕೈಗಿಟ್ಟಳು. ಶಿಗ್ಗಾಂವಿ, ಸವಣೂರು, ಹುಲಗೂರು ಎಂದು ತಿರುಗುವ ಕುಲಸುಮಬಿಗೆ ಯಾವ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು ಎಂಬುದು ದವಾಖಾನೆಯ ನರ್ಸಿಗಿಂತ ಮೊದಲೇ ಗೊತ್ತು. ಬಸುರಿಗೆ ಕುಬಸದಲ್ಲಿ ಬಳೆ ಇಡಿಸುವವಳೂ ಅವಳೇ, ಬಾಣಂತಿಗೆ ಹಸಿರು ಬಳೆ ಒಯ್ಯುವವಳೂ ಅವಳೇ.

ವಾರದೊಳಗೆ ಆರೂ ಹೋದವು. "ಇನ್ನೂ ಎಂಟು ಕೇಳಾಕತ್ತಾರ ತಂಗಿ, ಲಗೂನ ಹೊಲಿ," ಎಂದಳು ಕುಲಸುಮಬಿ. ತನುಜಾಳಿಗೆ ನಂಬಿಕೆಯೇ ಬರಲಿಲ್ಲ. ಊರು ಬದಲಾಯಿತೇ, ಅಥವಾ ತಾನೇ ಸುಮ್ಮನೆ ಊರಿಗೆ ಹೆದರಿ ಕೂತಿದ್ದೆನೇ? ಮಷೀನಿಗೆ ಎಣ್ಣೆ ಹಾಕಿದಳು. ಹೊರಗಿನ ಹೊಲಿಗೆ ಮಷೀನಿನದು, ಕೂಸಿನ ಮೈಗೆ ತಾಗುವ ಒಳಗಿನದು ಮಾತ್ರ ಕೈಯದೇ. ಅದರಲ್ಲಿ ಅವಳು ಎಂದೂ ಕಳ್ಳತನ ಮಾಡಿದವಳಲ್ಲ. ಹೊಲಿಯುತ್ತ ಹೊಲಿಯುತ್ತ ಏನೋ ಹಾಡು ಗುನುಗಿದಳು. ಒಳಗಿದ್ದ ಅತ್ತೆ ಅದನ್ನು ಕೇಳಿ ಮೂಗಿನಲ್ಲೇ ನಕ್ಕಳು.

ಈ ಸಂತೋಷ ಹದಿನೈದು ದಿನ ನಡೆಯಿತು. ಒಂದು ಮುಂಜಾನೆ ಮೇಲಿನ ಓಣಿಯ ಉಡಚವ್ವ ಕುಂಕುಮದ ಬಟ್ಟಲು ಹಿಡಿದು ಬಂದಳು. ಮಗಳು ಶ್ವೇತಾ ಮೊದಲ ಹೆರಿಗೆಗೆ ಬಂದು ಗಂಡು ಹಡೆದಿದ್ದಳು. ಕುಲಸುಮಬಿಯಿಂದ ಕುಂಚಿಗೆ ಕೊಂಡಿದ್ದೂ ಆಗಿತ್ತು.

"ಶಿವಬಸಕ್ಕಾ, ನಾಡಿದ್ದ ತೊಟ್ಟಲಾ. ನೀ ಬಂದು ನಿನ್ನ ಕೈಲೇನ ಕುಂಚಿಗಿ ಹಾಕಬೇಕು ನೋಡು. ಐದು ಹಡದ ಕೈಲೆ ಹೊಲದದ್ದು ಅಂತ ಕುಲಸುಮಬಿ ಹೇಳಿದ್ಲು, ಅದಕ್ಕ ಎರಡನೇ ಮಾತಾಡದ ತಗೊಂಡೆ. ಈ ವಯಸ್ಸಿನ್ಯಾಗೂ ಏನು ಹೊಲಿಗಿ ಅದು, ಯವ್ವಾ!"

ಚಹಾ ತಂದ ತನುಜಾ ಬಾಗಿಲಲ್ಲೇ ನಿಂತಳು. ಉಡಚವ್ವ ಲೋಟ ತೆಗೆದುಕೊಂಡು, "ನೀನೂ ಊಟಕ್ಕ ಬಾರವಾ ತಂಗಿ," ಎಂದಳು.

ಉಡಚವ್ವ ಹೋದ ಮೇಲೆ ತನುಜಾ ಅತ್ತೆಯ ಕಡೆ ತಿರುಗಿದಳು.

"ನಾ ಹೊಲದದ್ದು ನಿಮ್ಮ ಹೆಸರಿಲೆ ಮಾರೀರಿ?"

"ಹೂಂ, ಮಾರೇನಿ. ಏನೀಗ?" ಶಿವಬಸವ್ವ ದಬಾಯಿಸಲು ನೋಡಿದಳು, ದನಿ ಏರಲಿಲ್ಲ. "ಮಷೀನು ನಿಂತು ಮನಿ ಭಣಭಣ ಅನ್ನಾಕತ್ತಿತ್ತು. ನೀ ಮುಖ ಸಣ್ಣದು ಮಾಡ್ಕೊಂಡು ಕುಂದ್ರೂದು ನನಗ ನೋಡಾಕ ಆಗಲಿಲ್ಲ ನಮ್ಮವ್ವಾ. ಹೆಸರು ಯಾರದರ ಇರ್ಲಿ, ಹೊಲಿಯಾಕಿ ನೀನ ಅಲ್ಲೇನು?"

"ಮಕ್ಕಳಂತೂ ಇಲ್ರಿ ಅತ್ತಿ. ಇದೊಂದು ನಂದಿತ್ತು. ಇದನ್ನೂ ನೀವ ತಗೊಂಡ್ರಿ."

ಅಂದವಳೇ ಮಷೀನಿಗೆ ಹಳೆಯ ಸೀರೆಯೊಂದನ್ನು ಹೊದಿಸಿಬಿಟ್ಟಳು. ಯುಗಾದಿಗೆ ಇನ್ನೂ ಇಪ್ಪತ್ತು ದಿನವಿತ್ತು. ಕುಲಸುಮಬಿ ಎರಡು ಸಲ ಹೇಳಿ ಕಳಿಸಿದರೂ ಅವಳು ಸೂಜಿ ಮುಟ್ಟಲಿಲ್ಲ.

ತೊಟ್ಟಿಲ ದಿನ ಶಿವಬಸವ್ವ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತಳು.

"ಬಾ ನಡಿ."

"ನಾ ಬರಂಗಿಲ್ರಿ. ನನ್ನ ಕರದದ್ದು ಊಟಕ್ಕ."

"ಮ್ಯಾಲಿನ ಓಣ್ಯಾಗ ಗಟಾರ ಅಗದಾರ. ನಾ ಬಿದ್ದು ಟೊಂಕ ಮುರಕೊಂಡ್ರ ಸೇವಾ ಮಾಡಾಕಿ ನೀನ. ಅಲ್ಲೀತನಕ ಕೈ ಹಿಡಿ, ಆಮ್ಯಾಲ ತಿರುಗಿ ಬಾ."

ಅತ್ತೆಯ ಕೈ ಹಿಡಿದದ್ದೇ ತಪ್ಪಾಯಿತು. ಗಟಾರ ದಾಟಿದರೂ, ಉಡಚವ್ವನ ಮನೆಯ ಮೆಟ್ಟಿಲು ಹತ್ತಿದರೂ ಮುದುಕಿ ಹಿಡಿದ ಕೈ ಬಿಡಲಿಲ್ಲ. ಪಡಸಾಲೆಯ ತುಂಬ ಹೆಂಗಸರಿದ್ದರು. ಆಗಷ್ಟೇ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ವಾಡಿಕೆಯಂತೆ ಎಲ್ಲರೂ ಸೇರಿ ಗುದ್ದಿದ್ದರು, ಅವಳು ನಗುತ್ತ ಬೆನ್ನು ನೀವಿಕೊಳ್ಳುತ್ತಿದ್ದಳು. ಗುಗ್ಗರಿಯ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ತನುಜಾಳನ್ನು ಕಂಡು ಒಂದಿಬ್ಬರ ನಗು ಸಣ್ಣಗಾಯಿತು. ಅವಳು ಬಾಗಿಲ ಮಗ್ಗುಲಿಗೆ ಸರಿದು ನಿಂತಳು.

ಉಡಚವ್ವ ಹರಿವಾಣದಲ್ಲಿ ಕುಂಚಿಗೆ ತಂದಳು. ಶಿವಬಸವ್ವ ಅದನ್ನು ಎತ್ತಿಕೊಂಡಳು, ಕೂಸಿನ ಕಡೆ ಮಾತ್ರ ಹೋಗಲಿಲ್ಲ.

"ಒಂದು ಮಾತೈತಿ, ಕೇಳ್ರಿ ಎಲ್ಲಾರೂ. ಹತ್ತು ವರ್ಷಾತು, ನನಗ ಸೂಜ್ಯಾಗ ದಾರ ಪೋಣಸಾಕ ಬರವಲ್ದು. ಕಣ್ಣು ಆಪರೇಷನ್ ಆದಾಗ ನೋಡಾಕ ಬಂದವರು ನೀವ ಅದೀರಿ. ಇಂಥಾ ಸಣ್ಣ ಹೊಲಿಗಿ ನಾ ಹಾಕೇನಿ ಅಂದ್ರ ಹೆಂಗ ನಂಬಿದ್ರವಾ? ಸುಳ್ಳು ಹೇಳಿದಾಕಿ ನಾನು, ನಂಬಿದವರು ನೀವು, ತಪ್ಪು ಅರ್ಧರ್ಧ ಇರ್ಲಿ. ಹೊಲಿದಾಕಿ ಇಕಿ, ನಮ್ಮ ತನುಜಾ. ಬೇಕಂದ್ರ ಆಕಿ ಕೈಲೆ ಹಾಕಿಸ್ಕೊರಿ. ಬ್ಯಾಡಂದ್ರ ಈಗ ಹೇಳಿಬಿಡ್ರಿ, ಮಡಚಿ ಬಗಲಾಗ ಇಟ್ಕೊಂಡು ಹೋಗ್ತೇನಿ. ಉಳದ ಮನಿಗೋಳಿಗೂ ಹೋಗಿ ಹಿಂಗ ಹೇಳಾಕಿನ ಅದೇನಿ."

ಗುಗ್ಗರಿ ಅಗಿಯುತ್ತಿದ್ದ ಬಾಯಿಗಳು ನಿಂತವು. ತನುಜಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದನ್ನು ನಾಲ್ಕು ಜನರ ನಡುವೆ ಹೇಳು ಎಂದು ಈ ಮುದುಕಿಗೆ ಅಂದವರು ಯಾರು?

"ಇದನ್ನ ಮೊದಲ ಹೇಳಬೇಕಿತ್ತು ಶಿವಬಸಕ್ಕಾ," ಎಂದಳು ಉಡಚವ್ವ.

"ಮೊದಲ ಹೇಳಿದ್ರ ತಗೋತಿದ್ದೇನು?"

ಉಡಚವ್ವ ಹರಿವಾಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ತನುಜಾ ಚಪ್ಪಲಿ ಹುಡುಕುತ್ತ ಹೊಸ್ತಿಲಿನಾಚೆ ಒಂದು ಕಾಲು ಇಟ್ಟಿದ್ದಳು.

"ಅಕ್ಕಾರ, ನಿಲ್ರಿ."

ಕರೆದವಳು ಬಾಣಂತಿ ಶ್ವೇತಾ. ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. "ನನ್ನ ಕೂಸಿಗೆ ನಾಕು ಕುಂಚಿಗಿ ಬಂದಾವು. ಎಲ್ಲಾವನೂ ಗಲ್ಲಕ್ಕ ಹಚ್ಚಿ ನೋಡೇನಿ. ಒಳಗ ಚುಚ್ಚದಿದ್ದದ್ದು ಇದೊಂದ. ಬರ್ರಿ, ನೀವ ಹಾಕ್ರಿ."

"ಏ ಶ್ವೇತಾ, ಸುಮ್ನಿರು," ಎಂದಳು ಉಡಚವ್ವ ಮೆಲ್ಲಗೆ.

"ಹಡದಾಕಿ ನಾನವಾ."

ಅಷ್ಟು ಹೇಳಿ ಶ್ವೇತಾ ತೊಟ್ಟಿಲಿಗೆ ಬಾಗಿ ಕೂಸನ್ನು ಎತ್ತಿಕೊಂಡಳು. ಯಾರೂ ಅಡ್ಡ ಬರಲಿಲ್ಲ, ಯಾರೂ ಬರ್ರಿ ಎನ್ನಲೂ ಇಲ್ಲ. ಒಬ್ಬಳು ಮಾತ್ರ ದಾರಿಗೆ ಅಡ್ಡವಿದ್ದ ತನ್ನ ಮೊಣಕಾಲನ್ನು ಮಡಚಿಕೊಂಡಳು. ತನುಜಾ ಅಲ್ಲಿಂದ ಹಾದು ಹೋಗಿ ಹೊರಸಿನ ಮುಂದೆ ಮೊಣಕಾಲೂರಿದಳು. ಶಿವಬಸವ್ವ ಕುಂಚಿಗೆಯನ್ನು ಕೈಗಿಟ್ಟಳು.

ಕುಂಚಿಗೆ ತುಸು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ತನುಜಾ ಅದನ್ನು ಹಿಂದಕ್ಕೆ ಸರಿಸಿ, ಗದ್ದದ ಕೆಳಗೆ ಕಸೆ ಕಟ್ಟಿ, ಬಿಗಿಯಾಯಿತೇ ಎಂದು ಒಂದು ಬೆರಳು ತೂರಿಸಿ ನೋಡಿದಳು. ಆಮೇಲೆ ಅಂಗೈಯನ್ನು ಕೂಸಿನ ತಲೆಯ ಮೇಲೆ ಇಟ್ಟಳು, ತೆಗೆಯಲು ಮನಸ್ಸಾಗಲಿಲ್ಲ. ಮೂರು ವರ್ಷ ಕುಂಚಿಗೆ ಹೊಲಿದಿದ್ದರೂ ಹದಿಮೂರು ದಿನದ ಕೂಸಿನ ನೆತ್ತಿ ಇಷ್ಟು ಬಿಸಿಯಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.