ಹಾಡಲೊಪ್ಪದ ಡಿಸ್ಕು

ವಾರ್ಷಿಕೋತ್ಸವದ ಕುಣಿತಕ್ಕೆ ಇನ್ನು ಇಪ್ಪತ್ತೇ ನಿಮಿಷ ಇರುವಾಗ ಆಸ್ಪತ್ರೆಯ ಅಂಗಳದಲ್ಲಿ ಕರೆಂಟು ಹೋಯಿತು. ಜನರೇಟರು ಆಪರೇಷನ್ ಥಿಯೇಟರಿಗೆ ಬೇಕಿತ್ತು, ಅದನ್ನು ಕೇಳುವಂತೆಯೇ ಇರಲಿಲ್ಲ. ಮೂರು ತಿಂಗಳಿಂದ ದಿನಾ ಡ್ಯೂಟಿ ಮುಗಿದ ಮೇಲೆ ಕುಣಿತ ಕಲಿತಿದ್ದ ಎಂಟು ಜನ ನರ್ಸುಗಳು ಸತ್ತ ಸ್ಪೀಕರಿನ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಿಂತರು.

“ನನ್ನ ಮೈದುನನ ಕಾರಿದೆಯಲ್ರೇ!” ಎಂದಳು ಅವರಲ್ಲೊಬ್ಬಳಾದ ಹೆಡ್ ನರ್ಸು.

ಮೈದುನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅತ್ತಿಗೆಯ ತಂಡಕ್ಕೆ ಮನೆಯಲ್ಲೇ ಕೂತು ಹಾಡನ್ನು ಡಿಸ್ಕಿಗೆ ಇಳಿಸಿದವನೂ ಅವನೇ. ಹಳೇ ಕಾರನ್ನು ವೇದಿಕೆಯ ಪಕ್ಕಕ್ಕೆ ತಂದು, ನಾಲ್ಕೂ ಬಾಗಿಲು ತೆರೆದು, ಸ್ಟೀರಿಯೋ ಬಾಯಿಗೆ ಡಿಸ್ಕು ಕೊಟ್ಟ. ಅದು ನುಂಗಿತು, ಕರಕರ ಎಂದಿತು, ‘ಎರರ್’ ಎಂದು ತೋರಿಸಿ ಹೊರಕ್ಕೆ ಉಗುಳಿತು.

ಅತ್ತಿಗೆ ಸೆರಗಿನಿಂದ ಒರೆಸಿ ಕೊಟ್ಟರೂ ಅಷ್ಟೇ.

“ಸ್ಟೀರಿಯೋನೇ ಕೆಟ್ಟಿರಬೇಕು,” ಎಂದು ಅಂಗಡಿಯಿಂದ ಕೊಂಡಿದ್ದ ಡಿಸ್ಕೊಂದನ್ನು ಹಾಕಿದ. ಅದು ಕೋಗಿಲೆಯಂತೆ ಹಾಡಿತು. ಮೇಷ್ಟ್ರ ಕಿವಿ ಕೆಂಪಾಯಿತು. ಹಿಂದಿನ ಸೀಟಿನಲ್ಲಿದ್ದ ಲ್ಯಾಪ್‌ಟಾಪು ತೆಗೆದು ನೋಡಿದವನೇ ಕೂಗಿದ:

“ಗೊತ್ತಾಯ್ತು ಅತ್ತಿಗೆ! ಹಾಡನ್ನ ಬರೀ ಫೈಲ್ ಥರ ಹಾಕಿಬಿಟ್ಟಿದ್ದೀನಿ. ಕಂಪ್ಯೂಟರ್‌ಗೆ ಅರ್ಥ ಆಗುತ್ತೆ, ಈ ಮುದುಕ ಸ್ಟೀರಿಯೋಗೆ ಆಗಲ್ಲ. ಇವನಿಗೆ ಆಡಿಯೋ ಡಿಸ್ಕೇ ಆಗ್ಬೇಕು.”

“ಹಾಗಿದ್ರೆ ಮಾಡು, ಪಾಠ ಆಮೇಲೆ!”

ಬ್ಯಾಗಿನಲ್ಲಿ ಎರಡು ಖಾಲಿ ಡಿಸ್ಕುಗಳಿದ್ದವು. ಒಂದಕ್ಕೆ ಹಾಡನ್ನು ಆಡಿಯೋ ಆಗಿಯೇ ಚಕಚಕ ಬರೆದು ಸ್ಟೀರಿಯೋಗೆ ಹಾಕಿದ. “ತಕ್... ತಕ್...” ಎಂದು ತೊದಲಿ ಅದೂ ಸುಮ್ಮನಾಯಿತು. ಕುಣಿಯಲೆಂದು ಕಾಲೆತ್ತಿದ್ದ ನರ್ಸೊಬ್ಬಳು ಕೊಕ್ಕರೆಯಂತೆ ನಿಂತೇ ಉಳಿದಳು.

ಇನ್ನು ಇದ್ದದ್ದು ಒಂದೇ ಡಿಸ್ಕು, ಏಳೇ ನಿಮಿಷ. ಲ್ಯಾಪ್‌ಟಾಪಿನ ಬ್ಯಾಟರಿಯೂ ತಳ ಮುಟ್ಟಿತ್ತು. ಮೇಷ್ಟ್ರ ಬೆರಳು ಮತ್ತೆ ಗುಂಡಿಯತ್ತ ಹೋದಾಗ ಅತ್ತಿಗೆ ನಾಡಿ ನೋಡುವವಳಂತೆ ಅವನ ಮಣಿಕಟ್ಟು ಹಿಡಿದಳು.

“ಆಗ ಎಷ್ಟು ಸ್ಪೀಡಲ್ಲಿ ಬರೆದೆ?”

“ಇರೋದ್ರಲ್ಲೇ ಜೋರು. ಟೈಮೆಲ್ಲಿದೆ ಅತ್ತಿಗೆ?”

“ಟೈಮಿಲ್ಲ ಅಂತ ಡ್ರಿಪ್ಪನ್ನ ಗಳಗಳ ಅಂತ ಬಿಡ್ತೀವೇನೋ? ಅವಸರಕ್ಕೇ ಅದು ತೊದಲಿದ್ದು, ನಿಧಾನಕ್ಕೆ ಬರಿ.”

ಅವನು ಎಲ್ಲಕ್ಕಿಂತ ನಿಧಾನದ್ದನ್ನೇ ಆರಿಸಿದ. ಎಂಟು ತಲೆಗಳು ಕಾರಿನೊಳಕ್ಕೆ ಬಾಗಿದವು. ಪರದೆಯ ಮೇಲೆ ಶೇಕಡಾ ನಲವತ್ತು... ಎಪ್ಪತ್ತು... ನೂರು! ಯಾರೋ ಕೈ ಚಾಚಿದರು.

“ತಡೀರಿ! ಬರೆಯೋದು ಮುಗೀತು ಅಂತ ಡಿಸ್ಕನ್ನ ಇನ್ನೂ ಮುಚ್ಚಬೇಕು. ಮುಚ್ಚದಿದ್ರೆ ಕಾರು ಓದಲ್ಲ!”

ಡಿಸ್ಕಿನ ತಟ್ಟೆ ಹೊರಬಂದ ಮರುಕ್ಷಣವೇ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು.

ಸ್ಟೀರಿಯೋ ಡಿಸ್ಕನ್ನು ನುಂಗಿತು. ಕರಕರ. ಆಮೇಲೆ ಸದ್ದೇ ಇಲ್ಲ. ಸ್ಟೀರಿಯೋದ ಪುಟ್ಟ ಪರದೆಯಲ್ಲಿ ‘1’ ಮೂಡಿತು, ಮೂಡಿದ್ದೇ ತಡ ಮದ್ದಳೆ ಗುಡುಗಿತು!

“ಬಂತು! ಓಡ್ರೇ!” ನರ್ಸುಗಳು ಬಿದ್ದಂಬೀಳ ಓಡಿದರು.

ಸದ್ದು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಜನ ಕುರ್ಚಿ ಬಿಟ್ಟು ಕಾರಿನ ಸುತ್ತ ಬಂದು ನಿಂತರು. ಮೇಲಿನ ವಾರ್ಡಿನ ಕಿಟಕಿಗಳಲ್ಲಿ ರೋಗಿಗಳು ಚಪ್ಪಾಳೆ ತಟ್ಟಿ ತಾಳ ಹಾಕಿದರು. ಕಾರಿನ ಬ್ಯಾಟರಿ ಇಳಿಯದಿರಲೆಂದು ಮೈದುನ ಎಂಜಿನ್ ಚಾಲೂ ಮಾಡಿ, ಸ್ಟೀರಿಂಗು ಹಿಡಿದು, ಎಲ್ಲಿಗೋ ಹೊರಟವನಂತೆ ನಗುತ್ತ ಕೂತ. ಎಲ್ಲರೂ ಬಲಕ್ಕೆ ತಿರುಗಿದಾಗ ಅತ್ತಿಗೆಯೊಬ್ಬಳೇ ಎಡಕ್ಕೆ ತಿರುಗಿ, ನಾಲಿಗೆ ಕಚ್ಚಿ, ನಕ್ಕು, ಕುಣಿತ ಮುಂದುವರಿಸಿದಳು.

ಹಾಡು ಮುಗಿದಾಗ ಮೊದಲು ಕೂಗಿದ್ದು ದೊಡ್ಡ ಡಾಕ್ಟರೇ: “ಇನ್ನೊಂದ್ಸಲ ಆಗ್ಲಿ!”

“ಹಾಕೋ ಮೈದುನ!” ಎಂದಳು ಅತ್ತಿಗೆ, ಏದುಸಿರು ಬಿಡುತ್ತ.